ಟಿಕೆಟ್ ಹಣದಲ್ಲಿ ಬ್ಯಾಂಡ್‌ಗಳ ಪಾಲೆಷ್ಟು?: ಓದುಗರ ಸ್ಪಂದನ

ಸಮಸ್ಯೆ: ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಕೆಫೆಯ ತಾರಸಿಯಲ್ಲಿ ತಿಂಗಳಿಗೊಮ್ಮೆ ಮೂರು ಸ್ಥಳೀಯ ಬ್ಯಾಂಡ್‌ಗಳ ಕಾರ್ಯಕ್ರಮ ಏರ್ಪಡಿಸುತ್ತೇವೆ. ಆಸನಗಳು 60, ಟಿಕೆಟ್ ದರ ರೂ. 200. ಹೆಚ್ಚು ಜನರನ್ನು ಸೆಳೆಯುವ ತಂಡವು ಹೆಚ್ಚಿನ ಪಾಲು ಬೇಕೆನ್ನುತ್ತದೆ, ಉಳಿದವರು ಸಮಪಾಲು ಕೇಳುತ್ತಾರೆ. ಹೇಗೆ ಹಂಚುವುದು?

ಪಾಲಿನ ಮಾತಿಗೂ ಮುನ್ನ, ಜನ ಬಾರದ ದಿನ ನಷ್ಟ ಯಾರದ್ದೆಂಬುದು ತೀರ್ಮಾನವಾಗಬೇಕು. ಪ್ರತಿ ತಂಡಕ್ಕೂ ಒಂದು ಖಾತರಿ ಮೊತ್ತ ಗೊತ್ತುಪಡಿಸಿ, ಟಿಕೆಟ್ ಹಣದ ಪಾಲು ಅದನ್ನು ಮೀರಿದರೆ ಖಾತರಿಯ ಬದಲು ಆ ಪಾಲನ್ನೇ ಕೊಡುವುದು ನನಗೆ ಸರಿಯೆನಿಸುವ ಪದ್ಧತಿ. ಆಸನಗಳೆಲ್ಲ ತುಂಬಿದರೆ ತಮಗೆ ಬರುವುದು ರೂ. 12,000. ಸೌಂಡ್ ಸಿಸ್ಟಂ ಬಾಡಿಗೆ ರೂ. 3,000 ಎಂದಿಟ್ಟುಕೊಂಡರೆ, ಉಳಿದದ್ದರಲ್ಲಿ ಶೇ. 80ರಂತೆ ರೂ. 7,200 ತಂಡಗಳದ್ದು, ಅಂದರೆ ತಲಾ ರೂ. 2,400. ಖಾತರಿ ರೂ. 1,500 ಆಗಿದ್ದು, ಮಳೆ ಹಿಡಿದು ಇಪ್ಪತ್ತೇ ಜನ ಬಂದ ಸಂಜೆ, ಬಾಡಿಗೆ ಕಳೆದು ಸಾವಿರ ರೂಪಾಯಿಯಷ್ಟೇ ಉಳಿದರೂ ತಾವು ರೂ. 4,500 ಕೊಡಬೇಕಾಗುತ್ತದೆ. ಅಷ್ಟು ಭರಿಸುವ ಶಕ್ತಿ ಇಲ್ಲದಿದ್ದರೆ ಮೂರರ ಬದಲು ಎರಡು ತಂಡಗಳನ್ನು ಕರೆಯಿರಿ, ಖಾತರಿಯನ್ನು ಮಾತ್ರ ಇಳಿಸಬೇಡಿ. ಕಾಫಿ, ತಿಂಡಿಯ ವ್ಯಾಪಾರ ಪೂರ್ತಿ ತಮ್ಮದೇ ಆಗಿರುವಾಗ ಕರೆಂಟ್ ಬಿಲ್ಲು, ಕೆಲಸದವರ ಸಂಬಳಗಳನ್ನು ಟಿಕೆಟ್ ಹಣದಲ್ಲಿ ಮುರಿದುಕೊಳ್ಳುವುದು ನ್ಯಾಯವಲ್ಲ. ಕಳೆಯುವ ಖರ್ಚುಗಳು ಯಾವುವೆಂದು ತಂಡಗಳನ್ನು ಒಪ್ಪಿಸುವ ದಿನವೇ ಬರೆದು ಕೊಡಿ.
– ಓದುಗರು, ಕುವೆಂಪುನಗರ

ಬಾಗಿಲಲ್ಲಿ ನಿಂತು ‘ಯಾವ ಬ್ಯಾಂಡ್ ಕೇಳಲು ಬಂದಿರಿ?’ ಎಂದು ವಿಚಾರಿಸಿ, ಹೆಸರಿನ ಮುಂದೆ ಗೀಟು ಎಳೆದು, ಗೀಟುಗಳ ಲೆಕ್ಕದಲ್ಲಿ ಹಣ ಹಂಚುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಪೋಸ್ಟರ್ ನೋಡಿ ಸುಮ್ಮನೆ ಬಂದವರು ತಮಗೆ ನೆನಪಿರುವ ಹೆಸರನ್ನು ಹೇಳುತ್ತಾರೆ. ಕಾಲೇಜು ಹುಡುಗರ ತಂಡಕ್ಕೆ ಅವರ ತರಗತಿಯೇ ಬಂದು, ಗೆಳೆಯರ ಹಾಡು ಮುಗಿದೊಡನೆ ಎದ್ದು ಹೋಗುತ್ತದೆ. ಸೆಳೆತವುಳ್ಳ ತಂಡಕ್ಕೆ ಹೆಚ್ಚು ಕೊಡಬೇಕೆನಿಸಿದರೆ ಅದರ ಖಾತರಿಯನ್ನು ಏರಿಸಿ, ಆದರೆ ಆ ಹೆಚ್ಚಳವನ್ನು ತಮ್ಮ ಭಾಗದಿಂದ ಕೊಡಿ. ತಂಡಗಳ ಕೈಗೆ ಟಿಕೆಟ್ ಪುಸ್ತಕ ಕೊಟ್ಟು, ಮಾರಾಟವಾಗದ್ದಕ್ಕೂ ಅವರಿಂದಲೇ ಹಣ ಕಟ್ಟಿಸಿಕೊಳ್ಳುವ ವ್ಯವಸ್ಥಾಪಕರೂ ಇದ್ದಾರೆ. ಅದನ್ನು ಸುಲಿಗೆಯೆಂದೇ ಕರೆಯಬೇಕು. ಇನ್ನೊಂದು ಮಾತು: ಡ್ರಮ್ಸ್ ಹೊತ್ತು ಮಂಡ್ಯದಿಂದ ಬರುವವರು ಬಸ್ಸಿನಲ್ಲಿ ಬರಲಾರರು. ವಾಹನದ ಬಾಡಿಗೆಯನ್ನು ಪಾಲಿನೊಳಗೆ ಸೇರಿಸದೆ ಪ್ರತ್ಯೇಕವಾಗಿ ಕೊಡಿ.
– ಕೀಬೋರ್ಡ್ ವಾದಕ, ಮಂಡ್ಯ

ಟಿಕೆಟ್ಟೇ ಬೇಡ, ಹುಂಡಿ ಇಡಿ ಎಂಬ ಸಲಹೆ ತಮಗೆ ಬಂದೇ ಬರುತ್ತದೆ. ಹುಂಡಿಯ ಮುಂದೆ ಚಪ್ಪಾಳೆ ಜೋರಾಗಿರುತ್ತದೆ, ನೋಟುಗಳು ಕಡಿಮೆ.
– ಓದುಗರು, ಯಾದವಗಿರಿ

ಸಂಗೀತ ಕಾರ್ಯಕ್ರಮದ ಪ್ರವೇಶ ದರ ತಲಾ ರೂ. 500 ಮೀರದಿದ್ದರೆ ಆ ಟಿಕೆಟ್ಟಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ತೆರಿಗೆಯ ಹೆಸರಿನಲ್ಲಿ ತಂಡಗಳ ಹಣ ಮುರಿಯಲು ತಮಗೆ ಕಾರಣವಿಲ್ಲ. ಆದರೆ ತಂಡಗಳು ಸಿನಿಮಾ ಹಾಡುಗಳನ್ನು ಹಾಡುವುದಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿ ಬೇಕು. ಸಾಹಿತ್ಯ, ಸಂಗೀತ ರಚಿಸಿದವರ ಗೌರವಧನದ ಹಕ್ಕನ್ನು 2012ರ ತಿದ್ದುಪಡಿ ಮತ್ತಷ್ಟು ಗಟ್ಟಿಗೊಳಿಸಿದೆ. ಈ ಶುಲ್ಕ ಸ್ಥಳದ ಮಾಲೀಕರ ಖರ್ಚೇ ಹೊರತು ಹಾಡುವವರದ್ದಲ್ಲವೆಂಬುದು ನನ್ನ ಅಭಿಪ್ರಾಯ.
– ಲೆಕ್ಕಪರಿಶೋಧಕರು, ಜಯಲಕ್ಷ್ಮೀಪುರಂ

ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ. ಮೊದಲ ಎರಡು ತಂಡಗಳು ಹೊತ್ತು ಮೀರಿ ಹಾಡಿದಾಗ ಕೊನೆಯ ತಂಡಕ್ಕೆ ನಾಲ್ಕೇ ಹಾಡು ಸಿಗುತ್ತದೆ; ಅಂಥ ದಿನವೂ ಅವರಿಗೆ ಪೂರ್ತಿ ಸಂಭಾವನೆ ಸಲ್ಲಬೇಕು, ಏಕೆಂದರೆ ವೇಳೆ ನೋಡಿಕೊಳ್ಳುವುದು ತಮ್ಮ ಕೆಲಸ. ‘ನಾಳೆ ಕಳಿಸುತ್ತೇವೆ’ ಎಂಬ ಮಾತು ನಮಗೆಲ್ಲ ಪರಿಚಿತ. ಆದ್ದರಿಂದ ಟಿಕೆಟ್ ಎಷ್ಟು ಹೋಯಿತು, ಏನೇನು ಕಳೆಯಿತು, ಯಾರಿಗೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹರಿದ ಟಿಕೆಟ್‌ಗಳ ಅಡಿಪ್ರತಿಯೊಡನೆ ಮೂರೂ ತಂಡಗಳಿಗೆ ತೋರಿಸಿ, ವಾದ್ಯಗಳು ಆಟೋ ಏರುವ ಮೊದಲೇ ಹಣ ಚುಕ್ತಾ ಮಾಡಿ. ಎಲ್ಲವನ್ನೂ ಮುಖ್ಯ ಗಾಯಕರಿಗೇ ಯುಪಿಐ ಮಾಡಿದರೆ ತಬಲಾದವರ ಪಾಲು ಎಷ್ಟೋ ಸಲ ಅಲ್ಲಿಯೇ ನಿಂತುಬಿಡುತ್ತದೆ. ಸದಸ್ಯರು ಕೇಳಿದಲ್ಲಿ ಅವರವರ ಖಾತೆಗೇ ಹಾಕಿರಿ.
– ಗಾಯಕಿ, ಶ್ರೀರಂಗಪಟ್ಟಣ