ಸಹಾಯ ಬೇಕು: ಟಾಮಿ ಜಾರೆಲ್ ಪಿಟೀಲಿನ ಈ ಗಾಂಧಾರ ಯಾವುದು?

ಎಲ್ಲರಿಗೂ ನಮಸ್ಕಾರ. ಅಮೆರಿಕದ ನಾರ್ತ್ ಕೆರೊಲಿನಾದ ರೌಂಡ್ ಪೀಕ್ ಕಡೆಯ ಟಾಮಿ ಜಾರೆಲ್ (1901–1985) ಅವರ ಪಿಟೀಲು ಆಲ್ಬಂ ಒಂದನ್ನು ಕೇಳಿ ಕಲಿಯುತ್ತಿದ್ದೇನೆ. ನುಡಿಸುತ್ತಲೇ ಹಾಡುತ್ತಾರೆ, ಎಂಥ ಗತ್ತು ಅಂತೀರಿ! ನಾನು ಕಲಿತಿರುವುದು ಕರ್ನಾಟಕ ಸಂಗೀತ.

ಶ್ರುತಿಯ ತೊಂದರೆ ಇಲ್ಲ. ಎಷ್ಟೋ ಹಾಡುಗಳಿಗೆ ಅವರು ತಂತಿಗಳನ್ನು ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಅಂದರೆ ನಮ್ಮ ಸ-ಪ-ಸ-ಪ, ಅಲ್ವಾ? ಪಕ್ಕದ ತಂತಿಯನ್ನೂ ಸೇರಿಸಿ ಎಳೆಯುವ ಕಮಾನು ಸುಮಾರಾಗಿ ಕೈಗೆ ಬಂದಿದೆ.

ಸಿಕ್ಕಿಹಾಕಿಕೊಂಡಿರುವುದು ಗಾಂಧಾರದಲ್ಲಿ, ಅಂದರೆ ಸರಿಗಮದ 'ಗ' ಸ್ವರದಲ್ಲಿ. ಸಾಧಾರಣ ಗಾಂಧಾರ (ತಗ್ಗಿನ ಗ) ಹಿಡಿದರೆ ಅವರಿಗಿಂತ ಕೆಳಗೆ ಕೇಳುತ್ತದೆ, ಅಂತರ ಗಾಂಧಾರ (ಅದಕ್ಕಿಂತ ಎತ್ತರದ ಗ) ಹಿಡಿದರೆ ಮೇಲೆ ಹೋಗುತ್ತದೆ. ವೇಗ ಅರ್ಧಕ್ಕೆ ಇಳಿಸಿ ಕೇಳಿದೆ. ಟ್ಯೂನರ್ ಆ್ಯಪ್ ಹಾಕಿದರೆ ಮುಳ್ಳು ಎರಡರ ನಡುವೆಯೇ ತೂಗಾಡುತ್ತದೆ. ಪಿಯಾನೊ ನುಡಿಸುವ ಗೆಳೆಯ ಸುಮ್ನೆ 'ಅಪಶ್ರುತಿ' ಅಂದುಬಿಟ್ಟ. ನಾನು ಒಪ್ಪುವುದಿಲ್ಲ, ಬೇರೆ ಬೇರೆ ಹಾಡುಗಳಲ್ಲೂ ಅದೇ ಜಾಗಕ್ಕೆ ಬರುತ್ತಾರೆ. ಗಮಕ ಹಾಕಿ, ಅಂದರೆ ಸ್ವರವನ್ನು ತೂಗಿಸಿ ನೋಡಿದೆ, ಆಗ ನಮ್ಮ ಕಛೇರಿಯೇ ಆಗಿಬಿಡುತ್ತದೆ!

ಈ ಶೈಲಿ ನುಡಿಸುವವರು ದಯವಿಟ್ಟು ಹೇಳಿ: ಬೆರಳನ್ನು ಎರಡು ಗಾಂಧಾರಗಳ ನಡುವೆ ಒಂದೇ ಕಡೆ ಊರಬೇಕಾ, ಅಥವಾ ಕೆಳಗಿನಿಂದ ಜಾರಿಸಿ ಅಲ್ಲಿಗೆ ತರಬೇಕಾ?