ನೋಟದಿಂದ ನಡೆಯುವ ಉಪಕರಣಗಳು: ನೇತ್ರವೈದ್ಯೆಯೊಂದಿಗೆ ಹಾಸನ ಬಳಗದ ಪ್ರಶ್ನೋತ್ತರ

ಸಕಲೇಶಪುರದ ಸದಸ್ಯರು: ನಮಸ್ಕಾರ ಮೇಡಂ. ತೋಟ ನೋಡಿಕೊಳ್ಳುತ್ತಿದ್ದ ನಮ್ಮ ತಂದೆಯವರಿಗೆ ಕೈಗಳ ಶಕ್ತಿ ಕುಂದಿದೆ, ಮಾತು ತೊದಲಿ ತೊದಲಿ ಬಹುತೇಕ ನಿಂತಿದೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ರಮೇಣ ನಶಿಸುವ ಎಎಲ್‌ಎಸ್ ಎಂಬ ಕಾಯಿಲೆ ಇರಬಹುದೆಂದು ವೈದ್ಯರೊಬ್ಬರು ಹೇಳಿದ್ದಾರೆ. ಕಣ್ಣಿನಿಂದಲೇ ಅಕ್ಷರ ಆರಿಸುವಂತೆ ಐಪ್ಯಾಡ್ ಹೊಂದಿಸಿಕೊಟ್ಟಿದ್ದೇನೆ. ಬೆಳಗ್ಗೆ ಚೆನ್ನಾಗಿ ನಡೆಯುತ್ತದೆ. ಸಂಜೆಯಾದರೆ ಅವರ ನೋಟವನ್ನು ಅದು ಗುರುತಿಸುವುದೇ ಇಲ್ಲ. ದೀಪ ಹಾಕಿಯೂ ಕನ್ನಡಕ ತೆಗೆಸಿಯೂ ನೋಡಿದೆ. ಇದು ಉಪಕರಣದ ದೋಷವೇ?

ಅರಸೀಕೆರೆಯ ಸದಸ್ಯರು: ಇಂಥ ಯಂತ್ರಗಳ ಅತಿಗೆಂಪು ಬೆಳಕಿನಿಂದ ಕಣ್ಣಿಗೆ ಹಾನಿಯಾಗುವುದೇ?

ವೈದ್ಯೆ: ಅರಸೀಕೆರೆಯವರೇ, ಇಲ್ಲ. ಬಹುಪಾಲು ಯಂತ್ರಗಳು ಕಾಣದ ಅತಿಗೆಂಪು ಬೆಳಕನ್ನು ಬೀರಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಮೂಡುವ ಪ್ರತಿಫಲನಕ್ಕೂ ಪಾಪೆಯ ನಡುವಿಗೂ ಇರುವ ಅಂತರದಿಂದ ನೋಟದ ದಿಕ್ಕನ್ನು ಲೆಕ್ಕ ಹಾಕುತ್ತವೆ. ಆ ಬೆಳಕನ್ನು ಸುರಕ್ಷತೆಯ ಮಿತಿಯೊಳಗೇ ಇಡಲಾಗುತ್ತದೆ. ಐಪ್ಯಾಡಿಗೆ 2024ರಲ್ಲಿ ಬಂದ ನೋಟ ಗುರುತಿಸುವ ಸೌಲಭ್ಯವಂತೂ ಮುಂಬದಿಯ ಕ್ಯಾಮರಾದಿಂದಲೇ ನಡೆಯುತ್ತದೆ.

ಸಕಲೇಶಪುರದವರೇ, ಸಂಜೆ ತಂದೆಯವರ ಮೇಲಿನ ರೆಪ್ಪೆಗಳು ಜೋತುಬೀಳುತ್ತವೆಯೇ? ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ಮಾತು ಬೆಳಗ್ಗೆ ತುಸು ಸ್ಪಷ್ಟವಿರುತ್ತದೆಯೇ?

ಹೊಳೆನರಸೀಪುರದ ಸದಸ್ಯರು: ನಂದಿಬಟ್ಟಲು ಹೂವಿನ ರಸಕ್ಕೆ ಜೇನು ಬೆರೆಸಿ ಎರಡು ಹನಿ ಬಿಟ್ಟರೆ ಕಣ್ಣಿನ ನರ ಬಲಗೊಳ್ಳುತ್ತದೆಯೆಂಬ ಸಂದೇಶ ಬಂದಿದೆ. ಪ್ರಯತ್ನಿಸಬಹುದಲ್ಲವೇ?

ವೈದ್ಯೆ: ಪ್ರಯತ್ನಿಸಬಾರದು. ಶುದ್ಧೀಕರಿಸದ ರಸದಿಂದ ಕಾರ್ನಿಯಾ ಸೋಂಕಿ ಹುಣ್ಣಾದರೆ, ಗುಣವಾದ ಮೇಲೂ ಅಲ್ಲಿ ಬಿಳಿಯ ಕಲೆ ಉಳಿದು ದೃಷ್ಟಿ ಹೋಗಬಹುದು. ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ.

ಸಕಲೇಶಪುರದ ಸದಸ್ಯರು: ಹೌದು ಮೇಡಂ, ಮೂರೂ ಇವೆ. ನಿದ್ದೆಯ ಮಂಪರೆಂದು ಭಾವಿಸಿದ್ದೆವು.

ಚನ್ನರಾಯಪಟ್ಟಣದ ಸದಸ್ಯರು: ಶಿರಾಡಿ ಘಾಟಿಯಲ್ಲಿ ರಾತ್ರಿ ಓಡುವ ನನ್ನ ಲಾರಿಗಳಿಗೆ, ತೂಕಡಿಕೆ ಪತ್ತೆ ಮಾಡಿ ವೀಡಿಯೋವನ್ನು ನನ್ನ ಮೊಬೈಲಿಗೆ ಕಳುಹಿಸುವ ಕ್ಯಾಮರಾ ಹಾಕಿಸಬೇಕೆಂದಿದ್ದೇನೆ. ಯುರೋಪಿನ ಒಕ್ಕೂಟದಲ್ಲಿ 2022ರಿಂದಲೇ ಹೊಸ ಮಾದರಿಯ ವಾಹನಗಳಿಗೆ ಇಂಥ ಎಚ್ಚರಿಕೆಯ ವ್ಯವಸ್ಥೆ ಕಡ್ಡಾಯವಾಗಿದೆ.

ಹಾಸನದ ಸದಸ್ಯರು, ಚಾಲಕರು: ಎಚ್ಚರಿಸುವ ಗಂಟೆ ಬೇಕು, ಒಪ್ಪುತ್ತೇನೆ. ಆದರೆ ನನ್ನ ಮುಖದ ವೀಡಿಯೋ ಮಾಲೀಕರ ಮೊಬೈಲಿಗೆ ಏಕೆ ಹೋಗಬೇಕು?

ಚನ್ನರಾಯಪಟ್ಟಣದ ಸದಸ್ಯರು: ಲಾರಿ ನನ್ನದು.

ಹಾಸನದ ಸದಸ್ಯರು, ಚಾಲಕರು: ಮುಖ ನನ್ನದು. ವಿರಾಮವಿಲ್ಲದೆ ಎರಡು ಬಾಡಿಗೆ ಓಡಿಸಿ, ಆಮೇಲೆ ರೆಪ್ಪೆ ಮುಚ್ಚಿತೆಂದು ಸಂಬಳ ಕಡಿಯುವುದು ನ್ಯಾಯವಲ್ಲ.

ಬೇಲೂರಿನ ಸದಸ್ಯರು: ಎಎಲ್‌ಎಸ್ ಇದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರೂ ಕಣ್ಣಿನಿಂದಲೇ ಬರೆಯುತ್ತಿದ್ದರಲ್ಲವೇ?

ಹಾಸನದ ಮತ್ತೊಬ್ಬ ಸದಸ್ಯರು: ಅಲ್ಲ, ಅವರು ಕೊನೆಯ ವರ್ಷಗಳಲ್ಲಿ ಬಳಸುತ್ತಿದ್ದುದು ಕೆನ್ನೆಯ ಸ್ನಾಯುವನ್ನು, ಕನ್ನಡಕದಲ್ಲಿದ್ದ ಸಂವೇದಕ ಅದರ ಚಲನೆಯನ್ನು ಗುರುತಿಸುತ್ತಿತ್ತು.

ಅರಕಲಗೂಡಿನ ಸದಸ್ಯರು: ಅತಿಗೆಂಪು ಬೆಳಕಿನಿಂದ ಮಕ್ಕಳಿಗೆ ತೊಂದರೆಯೇ ಮೇಡಂ? ನಮ್ಮ ತಾಯಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಯಂತ್ರ ಅವರ ಕಣ್ಣನ್ನು ಗುರುತಿಸುವುದೇ?

ವೈದ್ಯೆ: ಬೆಳಕಿನ ಪ್ರಶ್ನೆಗೆ ಮೇಲೆ ಉತ್ತರವಿದೆ, ಓದಿ.

ಸಕಲೇಶಪುರದವರೇ, ಉಪಕರಣದ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. ರೆಪ್ಪೆ ಪಾಪೆಯನ್ನು ಮುಚ್ಚಿದರೆ ಯಾವ ಕ್ಯಾಮರಾವೂ ನೋಟವನ್ನು ಓದಲಾರದು. ಎಎಲ್‌ಎಸ್‌ನಲ್ಲಿ ಕೈಕಾಲು, ನಾಲಿಗೆ ಸೋತರೂ ಕಣ್ಣನ್ನು ಹೊರಳಿಸುವ ಸ್ನಾಯುಗಳು ಸಾಮಾನ್ಯವಾಗಿ ಬಹುಕಾಲ ಉಳಿಯುತ್ತವೆ; ಆ ರೋಗಿಗಳಿಗೆ ಈ ತಂತ್ರಜ್ಞಾನ ಒದಗಿಬರುವುದು ಆ ಕಾರಣದಿಂದಲೇ. ನೀವು ವಿವರಿಸುವ ಚಿತ್ರ ಅದಕ್ಕೆ ಹೊಂದುವುದಿಲ್ಲ. ದಿನ ಕಳೆದಂತೆ ಹೆಚ್ಚುವ ರೆಪ್ಪೆಯ ಸೋಲು, ಎರಡಾಗಿ ಕಾಣುವುದು, ದಣಿದಷ್ಟೂ ಕುಗ್ಗುವ ಮಾತು ಇವು ಒಟ್ಟಿಗೆ ಬಂದಾಗ, ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದಂತೆ ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ಪ್ರತಿಕಾಯಗಳೇ ತಡೆಯುವ ಮಯಾಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯನ್ನು ಪರೀಕ್ಷಿಸಿಯೇ ತೀರಬೇಕು. ಅವರನ್ನು ನೋಡದೆ ನಾನು ಅದೇ ಎನ್ನಲಾರೆ. ಆದರೆ ಅದಾಗಿದ್ದರೆ ಔಷಧಗಳಿವೆ, ಮಾತು ಮರಳುವ ಸಾಧ್ಯತೆಯೂ ಇದೆ. ಆದ್ದರಿಂದ ನರರೋಗ ತಜ್ಞರನ್ನು ಈ ವಾರವೇ ಕಂಡು, ಪ್ರತಿಕಾಯಗಳ ರಕ್ತಪರೀಕ್ಷೆ ಮತ್ತು ನರವನ್ನು ಪದೇ ಪದೇ ಪ್ರಚೋದಿಸಿ ನೋಡುವ ಪರೀಕ್ಷೆಯ ಬಗ್ಗೆ ಕೇಳಿ. ಕೆಲವು ಆಂಟಿಬಯಾಟಿಕ್‌ಗಳು ಈ ಕಾಯಿಲೆಯನ್ನು ಉಲ್ಬಣಗೊಳಿಸುವುದರಿಂದ ಅಂಗಡಿಯಿಂದ ನೇರವಾಗಿ ಔಷಧ ತಂದು ಕೊಡಬೇಡಿ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿಯೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಅಲ್ಲಿಯವರೆಗೆ ಪಾರದರ್ಶಕ ಹಾಳೆಯ ಮೂಲೆಗಳಲ್ಲಿ ಕವರ್ಗ, ಚವರ್ಗ ಎಂದು ಅಕ್ಷರಗಳನ್ನು ಗುಂಪಾಗಿ ಬರೆದು, ಎದುರು ಕುಳಿತು, ಅವರ ನೋಟ ಯಾವ ಗುಂಪಿನ ಮೇಲಿದೆಯೆಂದು ನೀವೇ ಗಮನಿಸಿ. ಬೆಳಗಿನ ಹೊತ್ತನ್ನು ಅವರು ಹೇಳಬೇಕಾದ ಮುಖ್ಯ ಮಾತುಗಳಿಗೆ ಮೀಸಲಿಡಿ.

ಹೊಳೆನರಸೀಪುರದ ಸದಸ್ಯರು: ನಮ್ಮ ಅಜ್ಜಿ ಆ ಹೂವಿನ ರಸವನ್ನೇ ಬಿಡುತ್ತಿದ್ದರು, ಏನೂ ಆಗಲಿಲ್ಲ.

ವೈದ್ಯೆ: ಏನೂ ಆಗದವರ ಮಾತು ನಿಮಗೆ ತಲುಪುತ್ತದೆ; ಹುಣ್ಣಾದವರು ನನ್ನ ಬಳಿ ಬರುತ್ತಾರೆ. ಇದನ್ನು ಇನ್ನು ಚರ್ಚಿಸುವುದಿಲ್ಲ.

ಚನ್ನರಾಯಪಟ್ಟಣದ ಸದಸ್ಯರು: ಕ್ಯಾಮರಾ ಬೇಡವೆನ್ನುವವರು ಬೇರೆ ಕೆಲಸ ಹುಡುಕಿಕೊಳ್ಳಲಿ.

ವೈದ್ಯೆ: ಲಾರಿಯ ಜಗಳವನ್ನು ಇಲ್ಲಿಂದ ಹೊರಗೆ ಮುಂದುವರಿಸಿ. ಸಕಲೇಶಪುರದವರೇ, ಸಂಜೆ ರೆಪ್ಪೆ ಜೋತುಬಿದ್ದಿರುವಾಗ ಒಂದು, ಬೆಳಗ್ಗೆ ಒಂದು ವೀಡಿಯೋ ತೆಗೆದಿಟ್ಟುಕೊಂಡು ತಜ್ಞರಿಗೆ ತೋರಿಸಿ. ಬೆಳಗಿನ ಭೇಟಿಯಲ್ಲಿ ಅವರಿಗೆ ಇದು ಕಾಣದೆ ಹೋಗಬಹುದು.