ಯೂಟಾ ಪ್ರವಾಸ: ಹೆಚ್ಚು ನಡೆಯಲಾಗದ ಹಿರಿಯರೊಂದಿಗೆ ಏನೇನು ನೋಡಬಹುದು?

ಪಯಣಿಗ ಕೇಳಿದ ಪ್ರಶ್ನೆ

ನಮಸ್ಕಾರ. ಬರುವ ಸೆಪ್ಟೆಂಬರ್ ಕೊನೆಯಲ್ಲಿ ನಾವು ಮನೆಮಂದಿಯೆಲ್ಲ ಸೇರಿ ಅಮೆರಿಕದ ಯೂಟಾ ರಾಜ್ಯವನ್ನು ಕಾರಿನಲ್ಲಿ ಸುತ್ತಬೇಕೆಂದಿದ್ದೇವೆ. ಲಾಸ್ ವೇಗಸ್‌ನಲ್ಲಿ ಇಳಿದು ಅಲ್ಲಿಯೇ ಕಾರು ಬಾಡಿಗೆಗೆ ಪಡೆಯುವುದು, ಸಾಲ್ಟ್ ಲೇಕ್ ಸಿಟಿಯಿಂದ ಹಿಂದಿರುಗುವುದು ಎಂಬಷ್ಟು ಮಾತ್ರ ತೀರ್ಮಾನವಾಗಿದೆ. ನಡುವೆ ಸಿಗುವುದು ಸುಮಾರು ಒಂದು ವಾರ. ತಂದೆ ತಾಯಿ ಇಬ್ಬರೂ ಜೊತೆಗಿರುತ್ತಾರೆ. ತಾಯಿಯವರಿಗೆ ಮಂಡಿನೋವು ಇರುವುದರಿಂದ ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ನಡೆಯಬಲ್ಲರೇ ಹೊರತು ಏರಿಳಿತ ಅವರಿಂದಾಗದು. ತಂದೆಯವರಿಗೆ ನಡಿಗೆಯ ತೊಂದರೆಯಿಲ್ಲ, ಆದರೆ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಗಳಿಗೆ ಹತ್ತು ವರ್ಷ. ಬಂಡೆ ಕಂಡಲ್ಲಿ ಹತ್ತುವ ಉತ್ಸಾಹ ಅವಳದು.

ಝಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎಂಬ ಐದು ರಾಷ್ಟ್ರೀಯ ಉದ್ಯಾನಗಳೂ ಒಂದೇ ರಾಜ್ಯದಲ್ಲಿರುವುದರಿಂದ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು ಎಂದು ತಿಳಿಯುತ್ತಿಲ್ಲ. ನಡೆಯಲಾಗದವರೂ ಕಣ್ತುಂಬ ನೋಡಬಹುದಾದ ಜಾಗಗಳು ಯಾವುವು? ಹಿರಿಯರನ್ನು ದಿನವಿಡೀ ಕಾರಿನಲ್ಲಿ ಕೂರಿಸಿ ದಣಿಸಲು ಮನಸ್ಸಿಲ್ಲ. ಹಾಗೆಂದು ಅಷ್ಟು ದೂರ ಕರೆದುಕೊಂಡು ಹೋಗಿ, ಮುಖ್ಯವಾದುದನ್ನು ತೋರಿಸದೆ ಮರಳುವುದೂ ಸರಿಯೆನಿಸುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಕಣಿವೆದಾರಿ ಅವರ ಉತ್ತರ

ಐದೂ ಉದ್ಯಾನಗಳು ರಾಜ್ಯದ ದಕ್ಷಿಣ ಭಾಗದಲ್ಲಿ, ನೀವು ಸಾಗುವ ದಿಕ್ಕಿನಲ್ಲಿಯೇ ಒಂದರ ನಂತರ ಒಂದು ಬರುತ್ತವೆ. ಆದ್ದರಿಂದ ಯಾವುದನ್ನೂ ಪೂರ್ತಿ ಕೈಬಿಡಬೇಕಾಗಿಲ್ಲ. ಆದರೆ ದಿನಗಳನ್ನು ಐದಕ್ಕೂ ಸಮನಾಗಿ ಹಂಚಬೇಡಿ ಎಂಬುದು ನನ್ನ ಮೊದಲ ಸಲಹೆ. ನಿಮ್ಮ ತಾಯಿಯವರ ಸ್ಥಿತಿ ನೋಡಿದರೆ, ಈ ಪ್ರವಾಸದಲ್ಲಿ ಅವರಿಗೆ ಅತ್ಯಂತ ಹೆಚ್ಚು ಸಂತೋಷ ಕೊಡುವುದು ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್‌ವರೆಗಿನ 12ನೇ ಸಂಖ್ಯೆಯ ರಾಜ್ಯ ಹೆದ್ದಾರಿ. ಪ್ಯಾಂಗ್ವಿಚ್ ಊರಿನ ಸಮೀಪ ಆರಂಭವಾಗಿ ಟೋರಿಯಲ್ಲಿ ಮುಗಿಯುವ ಈ ರಸ್ತೆ ಸುಮಾರು 200 ಕಿಲೋಮೀಟರ್ ಉದ್ದವಿದೆ. ಹೆಚ್ಚಿನವರು ಇದನ್ನು ಎರಡು ಉದ್ಯಾನಗಳ ನಡುವಿನ ದಾರಿ ಎಂದಷ್ಟೇ ಎಣಿಸಿ ಮೂರು ಗಂಟೆಗಳಲ್ಲಿ ದಾಟಿಬಿಡುತ್ತಾರೆ. ನೀವು ಹಾಗೆ ಮಾಡದೆ ಇದಕ್ಕೆಂದೇ ಒಂದು ಇಡೀ ದಿನವನ್ನು ಮೀಸಲಿಡಿ.

ರಸ್ತೆಯ ಪಶ್ಚಿಮ ತುದಿಯಲ್ಲಿ ರೆಡ್ ಕ್ಯಾನ್ಯನ್ ಇದೆ; ಅಲ್ಲಿ ಕೆಂಪು ಬಂಡೆಯನ್ನು ಕೊರೆದು ಮಾಡಿದ ಎರಡು ಕಮಾನುಗಳ ಒಳಗಿಂದ ಕಾರು ಹಾದುಹೋಗುತ್ತದೆ. ಎಸ್ಕಲಾಂಟೆ ಊರು ದಾಟಿದ ಮೇಲೆ ಹೆಡ್ ಆಫ್ ದ ರಾಕ್ಸ್ ಎಂಬ ವೀಕ್ಷಣಾ ಸ್ಥಳ ಬರುತ್ತದೆ. ಕಾರಿನಿಂದ ಇಳಿದರೆ ಸಾಕು, ದಿಗಂತದವರೆಗೂ ಬಿಳಿ, ಹಳದಿ, ನಸುಗೆಂಪು ಬಣ್ಣಗಳ ಬರಿಯ ಕಲ್ಲಿನ ಅಲೆಗಳೇ ಕಾಣುತ್ತವೆ. ಅವುಗಳ ನಡುವೆ ನೀವು ಇಳಿಯಲಿರುವ ರಸ್ತೆ ಸಣ್ಣ ಗೆರೆಯಾಗಿ ತೋರುತ್ತದೆ. ಅಲ್ಲಿಂದ ಎಸ್ಕಲಾಂಟೆ ನದಿಗೆ ಇಳಿದು ಮತ್ತೆ ಏರಿದಾಗ ಹಾಗ್‌ಬ್ಯಾಕ್ ಎಂಬ ಭಾಗ ಸಿಗುತ್ತದೆ. ಇಲ್ಲಿ ರಸ್ತೆ ಕಿರಿದಾದ ಬಂಡೆಯ ಬೆನ್ನಿನ ಮೇಲೆಯೇ ಸಾಗುತ್ತದೆ. ಎರಡೂ ಬದಿಗಳಲ್ಲಿ ನೆಲ ಕಡಿದಾಗಿ ಕೆಳಗಿಳಿದಿರುತ್ತದೆ, ಬಹುಭಾಗಕ್ಕೆ ತಡೆಗೋಡೆಯೂ ಇಲ್ಲ. ಎತ್ತರದ ಅಂಜಿಕೆ ಇರುವವರು ಕಾರು ನಡೆಸಬಾರದು, ಕತ್ತಲಾದ ಮೇಲೆ ಯಾರೂ ಇಲ್ಲಿ ಹೋಗಬಾರದು. ಹಗಲಿನಲ್ಲಿ ನಿಧಾನವಾಗಿ ಸಾಗಿದರೆ ಭಯಪಡುವಂಥದ್ದೇನೂ ಇಲ್ಲ.

ಬೋಲ್ಡರ್ ಊರಿನ ನಂತರ ರಸ್ತೆ ಸುಮಾರು 2,900 ಮೀಟರ್ ಎತ್ತರಕ್ಕೆ ಏರುತ್ತದೆ. ನೀವು ಹೋಗುವ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಇಲ್ಲಿನ ಆಸ್ಪೆನ್ ಮರಗಳು ಚಿನ್ನದ ಬಣ್ಣಕ್ಕೆ ತಿರುಗುತ್ತಿರುತ್ತವೆ; ಬೇಸಿಗೆಯಲ್ಲಿ ಬಂದವರಿಗೆ ಇದು ಸಿಗುವುದಿಲ್ಲ. ಬಿಳಿಯ ಕಾಂಡಗಳ ಸಾಲಿನ ಆಚೆ, ಬಹಳ ಕೆಳಗೆ, ಕ್ಯಾಪಿಟಲ್ ರೀಫ್‌ನ ಕೆಂಪು ಬಂಡೆಗಳೂ ಅದರಾಚೆ ಹೆನ್ರಿ ಪರ್ವತಗಳೂ ಕಾಣುತ್ತವೆ. ರಸ್ತೆಯ ಬದಿಯಲ್ಲಿಯೇ ನಿಲ್ಲಿಸಿ ನೋಡಲು ಅಚ್ಚುಕಟ್ಟಾದ ತಂಗುದಾಣಗಳಿವೆ. ತಾಯಿಯವರು ಒಂದು ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ.

ಬ್ರೈಸ್‌ನಲ್ಲಿ ಸನ್‌ರೈಸ್ ಪಾಯಿಂಟ್ ಮತ್ತು ಸನ್‌ಸೆಟ್ ಪಾಯಿಂಟ್‌ಗಳ ನಡುವಿನ ಸುಮಾರು 800 ಮೀಟರ್ ದಾರಿ ಟಾರು ಹಾಕಿದ್ದು, ಬಹುಮಟ್ಟಿಗೆ ಸಮತಟ್ಟಾಗಿದೆ. ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಅಲ್ಲಿರಿ. ತಾಯಿಯವರು ಅಂಚಿನ ಬೆಂಚಿನಲ್ಲಿ ಕುಳಿತಿರುವಾಗ ನೀವು ಮಗಳನ್ನು ಕರೆದುಕೊಂಡು ಕ್ವೀನ್ಸ್ ಗಾರ್ಡನ್ ಹಾದಿಯಲ್ಲಿ ಕಲ್ಲಿನ ಕಂಬಗಳ ನಡುವೆ ಇಳಿದು ಬರಬಹುದು. ಇನ್ನು ಝಯಾನ್‌ಗೆ ಅರ್ಧ ದಿನ ಸಾಕು. ಜನಸಂದಣಿ ವಿಪರೀತ, ಅಲ್ಲಿನ ಹೆಸರಾಂತ ಹಾದಿಗಳು ನಿಮ್ಮವರಿಗೆ ಆಗುವಂಥವೂ ಅಲ್ಲ.

ಶಿಲಾಸಕ್ತ ಅವರ ಉತ್ತರ

12ನೇ ಹೆದ್ದಾರಿಯ ಬಗ್ಗೆ ಮೇಲಿನವರು ಬರೆದ ಪ್ರತಿಯೊಂದು ಮಾತನ್ನೂ ಒಪ್ಪುತ್ತೇನೆ, ಆದರೆ ಝಯಾನ್‌ಗೆ ಅರ್ಧ ದಿನ ಸಾಕೆಂಬ ಮಾತನ್ನು ಒಪ್ಪಲಾರೆ. ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆಯ ತುದಿಗೆ ಏರುವುದಕ್ಕೆ 2022ರಿಂದ ಪರವಾನಗಿ ಬೇಕು, ನ್ಯಾರೋಸ್ ಎಂದರೆ ನದಿಯ ನೀರಿನಲ್ಲೇ ನಡೆಯುವುದು. ಇವೆರಡೂ ನಿಮ್ಮ ಕುಟುಂಬಕ್ಕಲ್ಲ ಎಂಬುದು ನಿಜ. ಆದರೆ ಝಯಾನ್ ಎಂದರೆ ಇವೆರಡೇ ಅಲ್ಲ. ಬ್ರೈಸ್, ಕ್ಯಾನ್ಯನ್‌ಲ್ಯಾಂಡ್ಸ್‌ಗಳಲ್ಲಿ ನಾವು ಅಂಚಿನ ಮೇಲೆ ನಿಂತು ಕೆಳಗೆ ನೋಡುವುದೇ ಹೆಚ್ಚು. ಇಲ್ಲಿಯಾದರೋ ಕಣಿವೆಯ ತಳದಲ್ಲಿ ಹಾಯಾಗಿ ಕುಳಿತು, 600 ಮೀಟರ್‌ನಷ್ಟು ಎತ್ತರದ ಗೋಡೆಗಳನ್ನು ತಲೆಯೆತ್ತಿ ನೋಡುತ್ತೇವೆ. ನಡೆಯಲಾಗದವರಿಗೆ ಇದಕ್ಕಿಂತ ಅನುಕೂಲವಾದ ಉದ್ಯಾನ ಯೂಟಾದಲ್ಲಿ ಇನ್ನೊಂದಿಲ್ಲ.

ವರ್ಷದ ಬಹುಪಾಲು ಖಾಸಗಿ ವಾಹನಗಳನ್ನು ಮುಖ್ಯ ಕಣಿವೆಯೊಳಗೆ ಬಿಡುವುದಿಲ್ಲ. ಉದ್ಯಾನದ ಉಚಿತ ಬಸ್ಸಿನಲ್ಲಿಯೇ ಹೋಗಬೇಕು. ಇದನ್ನು ಅನೇಕರು ತೊಡಕೆಂದು ಭಾವಿಸುತ್ತಾರೆ, ಆದರೆ ಹಿರಿಯರಿಗೆ ಇದು ವರವೇ ಸರಿ. ಬಸ್ಸುಗಳಿಗೆ ಗಾಲಿಕುರ್ಚಿಯನ್ನೂ ಹತ್ತಿಸಬಹುದು, ಬೇಕೆನಿಸಿದ ನಿಲ್ದಾಣದಲ್ಲಿ ಇಳಿದು ಮುಂದಿನ ಬಸ್ಸು ಹಿಡಿಯಬಹುದು. ಕೊನೆಯ ನಿಲ್ದಾಣವಾದ ಟೆಂಪಲ್ ಆಫ್ ಸಿನಾವಾದಿಂದ ವರ್ಜಿನ್ ನದಿಯ ಪಕ್ಕದಲ್ಲಿಯೇ ರಿವರ್‌ಸೈಡ್ ವಾಕ್ ಎಂಬ ಗಟ್ಟಿ ನೆಲದ ಹಾದಿ ಇದೆ. ಪೂರ್ತಿ ಹೋಗಿಬರಲು ಮೂರೂವರೆ ಕಿಲೋಮೀಟರ್ ಆಗುತ್ತದೆ. ತಾಯಿಯವರು ಆದಷ್ಟು ದೂರ ಹೋಗಿ ಹಿಂದಿರುಗಿದರೂ ನೋಡಬೇಕಾದದ್ದು ಸಿಗುತ್ತದೆ. ಹಾದಿಯಲ್ಲಿ ಒಂದು ಕಡೆ ನಿಂತು ಬಂಡೆಯನ್ನು ಹತ್ತಿರದಿಂದ ಗಮನಿಸಲು ಹೇಳಿ. ಮೇಲೆ ಬಿದ್ದ ಮಳೆ ಮತ್ತು ಹಿಮದ ನೀರು ನವಾಹೋ ಮರಳುಗಲ್ಲಿನೊಳಗೆ ಬಹುಕಾಲ ಇಂಗುತ್ತ ಇಳಿದು, ಕೆಳಗಿನ ಒತ್ತಾದ ಪದರವನ್ನು ತೂರಲಾಗದೆ, ಎರಡೂ ಸೇರುವ ಗೆರೆಯಲ್ಲಿ ಹನಿಹನಿಯಾಗಿ ಹೊರಬರುತ್ತದೆ. ಸುತ್ತಲೂ ಮರುಭೂಮಿಯ ಒಣ ಹವೆ. ಆ ಒಂದು ಒದ್ದೆ ಗೆರೆಯುದ್ದಕ್ಕೂ ಮಾತ್ರ ಜರೀಗಿಡಗಳು, ಪಾಚಿ, ಹೂಗಳು ಗೋಡೆಗೆ ಜೋತುಬಿದ್ದಿರುತ್ತವೆ.

ಝಯಾನ್‌ನಿಂದ ಬ್ರೈಸ್ ಕಡೆಗೆ ಹೊರಡುವಾಗ ಪೂರ್ವದ ದಾರಿಯನ್ನೇ ಹಿಡಿಯಿರಿ. 1930ರಲ್ಲಿ ಪೂರ್ಣಗೊಂಡ, ಸುಮಾರು 1.8 ಕಿಲೋಮೀಟರ್ ಉದ್ದದ ಸುರಂಗವನ್ನು ದಾಟಿದೊಡನೆ ಭೂದೃಶ್ಯ ಪೂರ್ತಿ ಬದಲಾಗುತ್ತದೆ. ಚೆಕರ್‌ಬೋರ್ಡ್ ಮೇಸಾ ಎಂಬ ಗುಡ್ಡದ ಮೈಮೇಲೆ ಅಡ್ಡಗೆರೆ ಉದ್ದಗೆರೆಗಳು ಚೌಕಳಿಯಂತೆ ಮೂಡಿವೆ. ಓರೆಯಾದ ಅಡ್ಡಗೆರೆಗಳು ಪ್ರಾಚೀನ ಮರಳುದಿಬ್ಬಗಳ ಪದರಗಳು. ಉದ್ದಗೆರೆಗಳು ನಂತರದ ಕಾಲದಲ್ಲಿ ಮೇಲ್ಮೈ ಹಿಗ್ಗಿ ಕುಗ್ಗಿ ಬಿರುಕು ಬಿಟ್ಟದ್ದರಿಂದ ಆದವು.

ಬ್ರೈಸ್ ತಲುಪಿದಾಗ ಮಗಳಿಗೆ ಇದನ್ನು ವಿವರಿಸಿ: ಹೂಡೂ ಎಂದು ಕರೆಯುವ ಆ ಕಲ್ಲಿನ ಕಂಬಗಳನ್ನು ಕಡೆದದ್ದರಲ್ಲಿ ಮಂಜುಗಡ್ಡೆಯ ಪಾತ್ರ ಬಹಳ ದೊಡ್ಡದು. ಹಗಲಿನಲ್ಲಿ ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಂಡೆಯನ್ನು ಒಳಗಿನಿಂದಲೇ ಸೀಳುತ್ತದೆ. ಅಷ್ಟು ಎತ್ತರದಲ್ಲಿ ಇದು ವರ್ಷದ ಸುಮಾರು ಅರ್ಧದಷ್ಟು ದಿನ ನಡೆಯುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರ ಐತಿಹ್ಯದಲ್ಲಿ ಆ ಕಂಬಗಳೆಲ್ಲ ಒಂದು ಕಾಲದ ಜೀವಿಗಳು, ಅವರ ದುರ್ನಡತೆಗಾಗಿ ಕಯೋಟಿ (ತೋಳದಂಥ ಪ್ರಾಣಿಯ ಹೆಸರಿನ, ಮಾಯಾಶಕ್ತಿಯ ಪಾತ್ರ) ಅವರನ್ನು ಕಲ್ಲಾಗಿಸಿದನು.

ಮರಳುಗಲ್ಲು ಅವರ ಉತ್ತರ

ಕ್ಯಾಪಿಟಲ್ ರೀಫ್‌ನಿಂದ ಮುಂದಿನ ಭಾಗಕ್ಕೆ ನನ್ನದೂ ಕೆಲವು ಮಾತು. ಈ ಉದ್ಯಾನದ ಹೃದಯಭಾಗದಲ್ಲಿರುವ ಫ್ರೂಟಾ ಎಂಬಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಬೆಳೆಸಿದ ಹಣ್ಣಿನ ತೋಟಗಳು ಇಂದಿಗೂ ಇವೆ, ರಾಷ್ಟ್ರೀಯ ಉದ್ಯಾನಗಳನ್ನು ನಡೆಸುವ ಸರ್ಕಾರಿ ಸಂಸ್ಥೆಯಾದ ಪಾರ್ಕ್ ಸರ್ವಿಸ್ ಅವುಗಳನ್ನು ನೋಡಿಕೊಳ್ಳುತ್ತದೆ. ಸೆಪ್ಟೆಂಬರ್ ಕೊನೆ ಸೇಬಿನ ಕಾಲ. ಕೊಯ್ಲಿಗೆ ತೆರೆದ ತೋಟವೆಂದು ಫಲಕ ಹಾಕಿದ್ದರೆ ಒಳಗೆ ಹೋಗಿ ಹಣ್ಣು ಕಿತ್ತು ಅಲ್ಲಿಯೇ ತಿನ್ನಬಹುದು. ಹೊರಗೆ ಒಯ್ಯುವುದಕ್ಕೆ ಮಾತ್ರ ತೂಕ ಮಾಡಿ ಹಣ ಕಟ್ಟಬೇಕು. ಕೆಂಪು ಬಂಡೆಗಳ ಗೋಡೆಯ ಕೆಳಗೆ, ಮರದ ನೆರಳಿನಲ್ಲಿ ಹಿರಿಯರು ಒಂದು ಮಧ್ಯಾಹ್ನವನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಪಕ್ಕದ 24ನೇ ಹೆದ್ದಾರಿಯ ಬದಿಯಲ್ಲಿಯೇ ಹಲಗೆ ಹಾಸಿದ ಕಾಲುದಾರಿಯಿಂದ ಫ್ರೀಮಾಂಟ್ ಎಂಬ ಪ್ರಾಚೀನ ಮೂಲನಿವಾಸಿ ಸಂಸ್ಕೃತಿಯ ಜನರು ಬಂಡೆಯ ಮೇಲೆ ಕೆತ್ತಿದ ಚಿತ್ರಗಳನ್ನು ನೋಡಬಹುದು.

ಅಲ್ಲಿಂದ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್‌ಗಳಿಗೆ ಹತ್ತಿರದ ಊರಾದ ಮೋಆಬ್‌ಗೆ ಹೋಗುವಾಗ ಗಾಬ್ಲಿನ್ ವ್ಯಾಲಿ ಎಂಬ ರಾಜ್ಯ ಉದ್ಯಾನಕ್ಕೆ ತಿರುಗಿಕೊಳ್ಳಿ. ನಿಮ್ಮ ಮಗಳಿಗಾಗಿಯೇ ಮಾಡಿದಂತಿದೆ. ಅಣಬೆಯಾಕಾರದ ಸಾವಿರಾರು ಗಿಡ್ಡ ಬಂಡೆಗಳ ನಡುವೆ ಗೊತ್ತಾದ ಹಾದಿಯೆಂಬುದಿಲ್ಲದೆ ಮಕ್ಕಳು ಓಡಾಡುತ್ತಾರೆ. ವಾಹನ ನಿಲ್ಲಿಸುವ ಜಾಗದಲ್ಲಿಯೇ ಇರುವ ಚಪ್ಪರದ ನೆರಳಿನಿಂದ ಅಜ್ಜ ಅಜ್ಜಿ ಇಡೀ ಕಣಿವೆಯನ್ನು ನೋಡಬಹುದು.

ಆರ್ಚಸ್‌ನಲ್ಲಿ 2,000ಕ್ಕೂ ಹೆಚ್ಚು ಶಿಲಾಕಮಾನುಗಳಿವೆ. ಡೆಲಿಕೇಟ್ ಆರ್ಚ್‌ಗೆ ಹೋಗಿಬರುವ ಸುಮಾರು ಐದು ಕಿಲೋಮೀಟರ್ ದಾರಿ ನೆರಳಿಲ್ಲದ ಏರು. ಅದನ್ನು ನೀವೂ ಮಗಳೂ ಬೆಳಗ್ಗೆ ಬೇಗ ಮುಗಿಸಿ. ತಾಯಿಯವರಿಗೆ ಅದನ್ನು ದೂರದಿಂದ ತೋರಿಸಲು ಕೆಳಗಿನ ವೀಕ್ಷಣಾ ಸ್ಥಳವಿದೆ, ಆದರೆ ಅಲ್ಲಿಂದ ಅದು ತೀರ ಚಿಕ್ಕದಾಗಿ ಕಾಣುತ್ತದೆ. ಅದರ ಬದಲು ಡಬಲ್ ಆರ್ಚ್‌ಗೆ ಕರೆದೊಯ್ಯಿರಿ. ದಾರಿ ಹೆಚ್ಚುಕಡಿಮೆ ಸಮತಟ್ಟು, ಹೋಗಿಬರಲು ಒಂದು ಕಿಲೋಮೀಟರಿಗಿಂತ ಕಡಿಮೆ. ಈ ಕಮಾನುಗಳು ಶಾಶ್ವತವಲ್ಲ: 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್‌ನ ಕೆಳಗಿನಿಂದ ದೊಡ್ಡ ಚಪ್ಪಡಿಯೊಂದು ಕಳಚಿಬಿತ್ತು, 2008ರಲ್ಲಿ ವಾಲ್ ಆರ್ಚ್ ಪೂರ್ತಿ ಕುಸಿಯಿತು. ದಯವಿಟ್ಟು ಒಂದು ವಿಷಯದಲ್ಲಿ ಮಗಳಿಗೆ ಮೊದಲೇ ತಿಳಿಹೇಳಿ. ಇಲ್ಲಿ ಹಾದಿಯ ಪಕ್ಕದ ಮಣ್ಣು ಕಪ್ಪಗೆ, ಗಂಟುಗಂಟಾಗಿ, ಸುಟ್ಟಂತೆ ಕಾಣುತ್ತದೆ. ಅದು ಸತ್ತ ಮಣ್ಣಲ್ಲ, ಸೂಕ್ಷ್ಮಜೀವಿಗಳೂ ಪಾಚಿಗಳೂ ಸೇರಿ ಕಟ್ಟಿದ ಜೀವಂತ ಪದರ. ಮರಳು ಹಾರಿಹೋಗದಂತೆ ಹಿಡಿದಿಟ್ಟುಕೊಂಡಿರುವುದು ಅದೇ. ಒಂದು ಹೆಜ್ಜೆಗೆ ನಾಶವಾದದ್ದು ಮತ್ತೆ ಬೆಳೆಯಲು ಎಷ್ಟೋ ವರ್ಷಗಳು ಬೇಕು.

ಕ್ಯಾನ್ಯನ್‌ಲ್ಯಾಂಡ್ಸ್‌ನಲ್ಲಿ ಐಲೆಂಡ್ ಇನ್ ದ ಸ್ಕೈ ಭಾಗ ಮಾತ್ರ ಸಾಕು. ಗ್ರಾಂಡ್ ವ್ಯೂ ಪಾಯಿಂಟ್‌ವರೆಗೂ ಕಾರು ಹೋಗುತ್ತದೆ. ಸಂಜೆಗೆ ಹತ್ತಿರದ ಡೆಡ್ ಹಾರ್ಸ್ ಪಾಯಿಂಟ್‌ಗೆ ಬನ್ನಿ; 600 ಮೀಟರ್ ಕೆಳಗೆ ಕೊಲರಾಡೊ ನದಿ ಬಾಗಿ ಹರಿಯುವುದನ್ನು ಕಟ್ಟೆಯ ಬಳಿ ನಿಂತೇ ನೋಡಬಹುದು.

ಪಯಣಿಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಝಯಾನ್‌ನಲ್ಲಿ ಒಂದು ಪೂರ್ಣ ದಿನ ಇರುವುದೆಂದೂ, 12ನೇ ಹೆದ್ದಾರಿಗೆ ಪ್ರತ್ಯೇಕ ದಿನ ಕೊಟ್ಟು ಟೋರಿಯಲ್ಲಿ ಎರಡು ರಾತ್ರಿ ತಂಗುವುದೆಂದೂ ನಿರ್ಧರಿಸಿದೆವು. ಇನ್ನೆರಡು ಸಂಶಯಗಳಿವೆ. ಮೋಆಬ್‌ನಿಂದ ಮಾನ್ಯುಮೆಂಟ್ ವ್ಯಾಲಿಗೆ ಹೋಗಿ ಬರಬಹುದೇ? ತಂದೆಯವರ ರಕ್ತದೊತ್ತಡದ ದೃಷ್ಟಿಯಿಂದ ಎತ್ತರದ ಜಾಗಗಳಲ್ಲಿ ಎಚ್ಚರ ಬೇಕೇ?

ಕಣಿವೆದಾರಿ ಅವರ ಉತ್ತರ

ಝಯಾನ್ ವಿಚಾರದಲ್ಲಿ ಶಿಲಾಸಕ್ತ ಅವರ ವಾದ ಸರಿಯಾಗಿದೆ. ನಿಮ್ಮ ತೀರ್ಮಾನವೂ ಒಳ್ಳೆಯದು.

ಮಾನ್ಯುಮೆಂಟ್ ವ್ಯಾಲಿಯನ್ನು ಈ ಬಾರಿ ಬಿಡಿ. ಮೋಆಬ್‌ನಿಂದ ಒಂದು ಕಡೆಗೇ ಎರಡೂವರೆಯಿಂದ ಮೂರು ಗಂಟೆ ಬೇಕು, ಒಳಗಿನ 27 ಕಿಲೋಮೀಟರ್ ಸುತ್ತುದಾರಿ ಮಣ್ಣಿನದು, ಕುಲುಕಾಟ ಹೆಚ್ಚು. ಅದು ನವಾಹೋ ಜನರ ಸ್ವಂತ ಆಡಳಿತದ ನೆಲ. ಅವರದೇ ಮಾರ್ಗದರ್ಶಕರೊಂದಿಗೆ ನಿಧಾನವಾಗಿ ನೋಡಬೇಕಾದ ಜಾಗವನ್ನು ಅವಸರದಲ್ಲಿ ಮುಟ್ಟಿ ಬರುವುದು ನ್ಯಾಯವಲ್ಲ. ಆ ದಿನವನ್ನು ಮೋಆಬ್‌ನಲ್ಲಿಯೇ ವಿಶ್ರಾಂತಿಗೆ ಕೊಡಿ.

ಬ್ರೈಸ್‌ನ ಅಂಚು 2,400 ಮೀಟರಿಗಿಂತ ಮೇಲಿದೆ. ತಂದೆಯವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು. ಅಲ್ಲಿ ಮೊದಲ ದಿನ ಆತುರದ ನಡಿಗೆ ಬೇಡ, ಬಾಯಾರಿಕೆಯಾಗದಿದ್ದರೂ ನೀರು ಕುಡಿಯುತ್ತಿರಲಿ. ಮುಂಜಾನೆ ಚಳಿ ಕೊರೆಯುತ್ತದೆ, ಸ್ವೆಟರ್ ಮತ್ತು ಟೊಪ್ಪಿಗೆ ಕೈಗೆಟುಕುವಂತಿರಲಿ.

ಪ್ರವೇಶ ಶುಲ್ಕದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಅಮೆರಿಕದ ನಿವಾಸಿಗಳಿಗೆ ವಾರ್ಷಿಕ ಪಾಸ್ 80 ಡಾಲರ್; 2026ರಿಂದ ಹೊರದೇಶದವರಿಗೆ 250 ಡಾಲರ್ ಆಗಿದೆ. ಆ ಪಾಸ್ ಇಲ್ಲದ ಹೊರದೇಶದವರು ಝಯಾನ್ ಮತ್ತು ಬ್ರೈಸ್ ಎರಡೂ ಕಡೆ ಒಬ್ಬೊಬ್ಬರಿಗೆ 100 ಡಾಲರ್ ಹೆಚ್ಚಿಗೆ ಕೊಡಬೇಕಾಗುತ್ತದೆ, ಹದಿನಾರು ತುಂಬದ ಮಕ್ಕಳಿಗೆ ಇದು ಅನ್ವಯಿಸದು. ಗಾಬ್ಲಿನ್ ವ್ಯಾಲಿ, ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಸರ್ಕಾರದವಾದ್ದರಿಂದ ಅಲ್ಲಿ ಈ ಪಾಸ್ ನಡೆಯುವುದಿಲ್ಲ. ಹೊರಡುವ ವಾರದಲ್ಲಿ ಪಾರ್ಕ್ ಸರ್ವಿಸ್‌ನ ಜಾಲತಾಣವನ್ನು ಮತ್ತೊಮ್ಮೆ ನೋಡಿ. ರಸ್ತೆ ದುರಸ್ತಿ, ಬಸ್ಸಿನ ವೇಳೆ, ದಿಢೀರ್ ಪ್ರವಾಹದ ಎಚ್ಚರಿಕೆ ಎಲ್ಲವೂ ಅಲ್ಲಿರುತ್ತವೆ.

ಎಸ್ಕಲಾಂಟೆ, ಟೋರಿ, ಹ್ಯಾಂಕ್ಸ್‌ವಿಲ್‌ಗಳಲ್ಲಿ ಪೆಟ್ರೋಲ್ ಸಿಗುತ್ತದೆ, ನಡುವಿನ ಉದ್ದ ದಾರಿಗಳಲ್ಲಿ ಸಿಗುವುದು ಕಷ್ಟ. ಟ್ಯಾಂಕ್ ಅರ್ಧವಾದಾಗಲೇ ತುಂಬಿಸಿ. ಮೊಬೈಲ್ ಸಂಪರ್ಕವೂ ಬಹಳ ಕಡೆ ಇರುವುದಿಲ್ಲವಾದ್ದರಿಂದ ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ. ನೆವಾಡಾದಿಂದ ಯೂಟಾಕ್ಕೆ ಬಂದೊಡನೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಝಯಾನ್‌ನ ಬಾಗಿಲಲ್ಲಿರುವ ಸ್ಪ್ರಿಂಗ್‌ಡೇಲ್ ಊರು ತಲುಪುವ ವೇಳೆಯನ್ನು ಗೊತ್ತುಮಾಡುವಾಗ ಆ ಒಂದು ಗಂಟೆಯನ್ನು ಸೇರಿಸಿಕೊಳ್ಳಿ.